ಸಾರ್ಜೆಂಟ್ ಆಲ್ವಿನ್ ಯಾರ್ಕನ ಚರಿತ್ರೆ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಟೆನೆಸೀ ಎಂಬುದೊಂದು. ಅದರ ಉತ್ತರದ ಎಲ್ಲೆಯ ಬಳಿಯಲ್ಲಿ ಫೆಂಟ್ರೆಸ್ ಎಂಬ ಬೆಟ್ಟಗಾಡು ಜಿಲ್ಲೆಯಿದೆ. ಅಲ್ಲಿ ವುಲ್ಫ್ ಎಂಬ ಚಿಕ್ಕ ಹೊಳೆಯ ಕಣಿವೆಯೊಳಗೆ ಪಾಲ್‌ಮಾಲ್ ಎಂಬ ಹಳ್ಳಿಯುಂಟು. ಇವನ ಬಾಲ್ಯದಲ್ಲಿ ಆ ಹಳ್ಳಿಗೆ ಒಳ್ಳೆಯ ದಾರಿಯೂ ಇರಲಿಲ್ಲ, ತಕ್ಕ ಶಾಲೆಯೂ ಇರಲಿಲ್ಲ. ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಚಿಕ್ಕ ಮನೆಯಲ್ಲಿ 1887ನೇ ಇಸವಿ ದಶಂಬರ 13ರಲ್ಲಿ ಆಲ್ವಿನ್ ಯಾರ್ಕನು ಹುಟ್ಟಿದನು. ಹನ್ನೊಂದು ಮಂದಿ ಮಕ್ಕಳಲ್ಲಿ ಇವನು ಮೂರನೆಯವನು. ತಂದೆಯಾದ ವಿಲಿಯಮ್ ಯಾರ್ಕನು ಸ್ವಲ್ಪ ಹೊಲವನ್ನು ಉಳುತ್ತಾ, ಕಮ್ಮಾರಿಕೆಯನ್ನೂ ಮಾಡುತ್ತಾ, ಬೇಟೆಯಿಂದ ಮನೆಗೆ ಮಾಂಸವನ್ನು ತರುತ್ತಾ ಸಂಸಾರವನ್ನು ಸಾಗಿಸಿದನು. ಅಂಥ ಮನೆಯಲ್ಲಿ ಮಕ್ಕಳು ಬೇಗನೆ ಕೆಲಸಕ್ಕೆ ಬೀಳುವರು. ಆಲ್ವಿನನು ಶಾಲೆಯಲ್ಲಿ ಕೂತ ಕಾಲವನ್ನೆಲ್ಲಾ ಒಟ್ಟುಗೂಡಿಸಿದರೆ ಸುಮಾರು ಒಂಬತ್ತು ತಿಂಗಳಾಯಿತು, ಅಷ್ಟೇ. ಈ ಒಂಬತ್ತು ತಿಂಗಳುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ಬಹು ಸಂಗತಿಗಳಿಗೆ ಇದೇ ಬೇರು.

ಓದು ಬಾರದಿದ್ದರೂ ಬಂದೂಕಿನ ವಿದ್ಯೆಯು ಅವನಿಗೆ ಚೆನ್ನಾಗಿ ಬಂತು. ಆ ಬೆಟ್ಟದ ಸೀಮೆಯವರು ಗುಂಡನ್ನೂ ಮದ್ದನ್ನೂ ವ್ಯರ್ಥಮಾಡುವಷ್ಟು ಹಣವುಳ್ಳವರಲ್ಲ. ಒಂದೇ ಗುಂಡಿಗೆ ಬೇಟೆಯು ಬೀಳಬೇಕು, ಇಲ್ಲವಾದರೆ ರಾತ್ರಿಯ ಊಟಕ್ಕೆ ಮಾಂಸವಿಲ್ಲ. ಹಳ್ಳಿಯವರು ಟರ್ಕಿ ಕೋಳಿಯನ್ನು ಗುರಿಯಾಗಿಟ್ಟು ನಡಿಸುತ್ತಿದ್ದ ಪಂದ್ಯಗಳಲ್ಲಿ ಇವನು ಹೆಸರಾದನು. 1911ರಲ್ಲಿ ತಂದೆಯು ತೀರಿಹೋದನು. ಅಣ್ಣಂದಿರಿಬ್ಬರು ಮದುವೆಯಾಗಿ ಬೇರೆಯಾಗಿದ್ದರು. ಆದಕಾರಣ ವಿಧವೆಯಾದ ತಾಯಿಯ ಮತ್ತು ಚಿಕ್ಕ ತಮ್ಮತಂಗಿಯರ ಭಾರವು ಆಲ್ವಿನನ ಹೆಗಲಿನ ಮೇಲೆ ಬಿತ್ತು. ಅವನು ಹೊಲದಲ್ಲಿ ದುಡಿದನು, ಮರ ಕಡಿದನು, ರೈಲುದಾರಿಯ ಕೆಲಸಕ್ಕೆ ಕೂಲಿಗೆ ಹೋದನು. ದುಡಿಮೆಯಲ್ಲಿ ಅವನನ್ನು ದೂರುವವರಿರಲಿಲ್ಲ. ಆದರೆ ವಾರವೆಲ್ಲಾ ದುಡಿದ ಕೂಲಿಯನ್ನು ವಾರದ ಕಡೆಗೆ ಸರಾಯಿಗೂ ಜೂಜಿಗೂ ಸುರಿಯುವನು; ಎಲ್ಲೆಯಾಚೆಯ ಸರಾಯಿ ಅಂಗಡಿಗಳಲ್ಲಿ ಕುಡಿದು ಹೊಡೆದಾಡುವನು. ತಾಯಿಯು ದೀಪವನ್ನು ಆರಿಸದೆ ಮಗನು ಬರುವ ತನಕ ಎಚ್ಚರವಾಗಿ ಕೂತಿರುತ್ತಿದ್ದಳು. ಈ ಮಾತನ್ನು ನಮ್ಮ ಸಭೆಗಳ ಎಷ್ಟೋ ತಾಯಂದಿರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅವನ ಜೊತೆಗಾರನೊಬ್ಬನು ಇಂಥ ಒಂದು ಕುಡುಕರ ಜಗಳದಲ್ಲಿ ಕೊಲ್ಲಲ್ಪಟ್ಟನು. ಅದು ಆಲ್ವಿನನ ಎದೆಗೆ ತಾಕಿತು. ಅದೇ ಕಾಲದಲ್ಲಿ ಹಳ್ಳಿಯಲ್ಲಿ ಸುವಾರ್ತಾಕೂಟಗಳು ನಡೆದವು. 1914ನೇ ವರುಷದ ಕೊನೆಯಲ್ಲಿ, ಇಪ್ಪತ್ತೇಳು ವಯಸ್ಸಿನ ಈ ಯೌವನಸ್ಥನು ಆ ಕೂಟಕ್ಕೆ ಹೋಗಿ, ತನ್ನ ಪಾಪಗಳನ್ನು ಅರಿಕೆಮಾಡಿ, ಮಾನಸಾಂತರ ಹೊಂದಿದನು. ಅವನ ತಿರುಗುವಿಕೆಯು ಅರ್ಧಮರ್ಧವಾದದ್ದಲ್ಲ. ಕುಡಿತ, ಜೂಜು, ಹೊಗೆಸೊಪ್ಪು, ಹೊಡೆದಾಟ ಇವೆಲ್ಲವನ್ನು ಒಂದೇ ಬಾರಿಗೆ ಬಿಟ್ಟನು. ಚಿಕ್ಕದಾದ ಆ ಸಭೆಯಲ್ಲಿ ಹಿರಿಯರಲ್ಲೊಬ್ಬನಾದನು, ಸಂಗೀತವನ್ನು ನಡಿಸಿದನು, ಆದಿತ್ಯವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದನು. ಅಕ್ಷರಗಳನ್ನು ಕಷ್ಟದಿಂದ ಕೂಡಿಸಿಕೊಂಡು ಓದುವವನು ಸತ್ಯವೇದವನ್ನು ಓದಿ ಓದಿಯೇ ಓದನ್ನು ಕಲಿತನು.

ನೆರೆಯ ಹೊಲದವರ ಮಗಳಾದ ಗ್ರೇಸಿ ವಿಲಿಯಮ್ಸ್ ಎಂಬಾಕೆಯನ್ನು ಅವನು ಪ್ರೀತಿಸುತ್ತಿದ್ದನು. ಆಕೆಯು ಅವನಿಗಿಂತ ಸುಮಾರು ಹನ್ನೆರಡು ವರುಷ ಚಿಕ್ಕವಳು. ಆಕೆಯ ತಂದೆತಾಯಿಗಳು ಈ ಕುಡುಕನಿಗೆ ಮಗಳನ್ನು ಕೊಡಲು ಒಪ್ಪಿದ್ದಿಲ್ಲ, ಅವರನ್ನು ತಪ್ಪೆನ್ನಲಾಗದು. ಅವನ ನಡತೆಯು ತಿರುಗಿದ್ದನ್ನು ಕಂಡ ಮೇಲೆ ಗ್ರೇಸಿಯು ಅವನಿಗೆ ಮಾತು ಕೊಟ್ಟಳು.

ಹೀಗಿರಲಾಗಿ ಯುರೋಪು ಖಂಡದಲ್ಲಿ 1914ರಿಂದ ನಡೆಯುತ್ತಿದ್ದ ಮಹಾಯುದ್ಧಕ್ಕೆ 1917ರ ಏಪ್ರಿಲ್ ತಿಂಗಳಲ್ಲಿ ಅಮೇರಿಕವೂ ಸೇರಿತು. ಪ್ರಾಯದ ಗಂಡಸರೆಲ್ಲರು ಹೆಸರು ಬರೆಯಿಸಬೇಕೆಂದು ಕಾಯಿದೆಯಾಯಿತು. 1917ರ ಜೂನ್ 5ರಂದು ಆಲ್ವಿನನು ತನ್ನ ಹೆಸರನ್ನು ಬರೆಯಿಸಿ, ತಾನು ಯುದ್ಧಮಾಡಲು ಇಷ್ಟಪಡುವದಿಲ್ಲವೆಂದು ಚೀಟಿಯಲ್ಲಿ ಸೂಚಿಸಿದನು. ಅವನ ಸಭಾಪಾಲಕನಾದ ರೋಸಿಯರ್ ಪೈಲನು ಹಳ್ಳಿಯ ಅಂಗಡಿಯನ್ನೂ ನಡಿಸುವವನಾಗಿದ್ದನು. ಅವನೇ ವಿನಾಯಿತಿಯನ್ನು ಕೇಳಿಕೊಳ್ಳಲು ಅವನಿಗೆ ಸಹಾಯಮಾಡಿದನು. ನರಹತ್ಯ ಮಾಡಬಾರದೆಂಬ ಆಜ್ಞೆಯನ್ನು ಓದಿದವನಿಗೆ ಇದು ಹೇಡಿತನದ ಮಾತಲ್ಲ. ಆದರೆ ಅಧಿಕಾರಿಗಳು ಒಪ್ಪಲಿಲ್ಲ. ಆ ಚಿಕ್ಕ ಸಭೆಗೆ ಸತ್ಯವೇದವೊಂದರ ಹೊರತು ಬೇರೆ ಲಿಖಿತವಾದ ನಂಬಿಕೆಯ ಪ್ರಮಾಣವಿರಲಿಲ್ಲ. ಸತ್ಯವೇದವನ್ನು ಎಲ್ಲಾ ಸಭೆಗಳವರೂ ಓದುತ್ತಾರೆ, ಯುದ್ಧಕ್ಕೂ ಹೋಗುತ್ತಾರೆ, ಆದದರಿಂದ ವಿನಾಯಿತಿ ಇಲ್ಲ ಎಂದು ತೀರ್ಮಾನವಾಯಿತು. ನವಂಬರ ತಿಂಗಳಲ್ಲಿ ಅವನು ಜಾರ್ಜಿಯಾ ಸಂಸ್ಥಾನದ ಗಾರ್ಡನ್ ಎಂಬ ದಂಡಿನ ಪಾಳೆಯಕ್ಕೆ ಹೋಗಬೇಕಾಯಿತು.

ಪಾಳೆಯದಲ್ಲಿ ಅವನು ಆಜ್ಞೆಗಳಿಗೆ ತಪ್ಪಲಿಲ್ಲ. ಕೊಟ್ಟ ಕೆಲಸವನ್ನು ಮಾಡಿದನು, ಗುರಿಯಿಡುವದರಲ್ಲಿ ಎಲ್ಲರಿಗೂ ಮಿಗಿಲಾದನು. ಆದರೂ ಮನುಷ್ಯನ ಮೇಲೆ ಗುಂಡು ಹಾರಿಸುವದು ಸರಿಯೋ ತಪ್ಪೋ ಎಂಬ ಚಿಂತೆಯು ಅವನನ್ನು ತಿನ್ನುತ್ತಿತ್ತು. ಕಡೆಗೆ ತನ್ನ ಮೇಲಿನ ಅಧಿಕಾರಿಯಾದ ಕ್ಯಾಪ್ಟನ್ ಡ್ಯಾನ್‌ಫರ್ತನಿಗೆ ಅದನ್ನು ಬಿಚ್ಚಿ ಹೇಳಿದನು. ಡ್ಯಾನ್‌ಫರ್ತನು ಅವನನ್ನು ಮೇಜರ್ ಬಕ್ಸ್‌ಟನನ ಬಳಿಗೆ ಕರಕೊಂಡುಹೋದನು. ಇವರಿಬ್ಬರೂ ಅವನನ್ನು ಬೈಯದೆ, ಹೆದರಿಸದೆ, ಸತ್ಯವೇದವನ್ನು ನಡುವೆ ಇಟ್ಟುಕೊಂಡು ರಾತ್ರಿ ಬಹು ಹೊತ್ತಿನ ವರೆಗೆ ಅವನ ಸಂಗಡ ಮಾತಾಡಿದರು. ಇವನು ಬೆಟ್ಟದ ಪ್ರಸಂಗದಲ್ಲಿ ಕೆನ್ನೆಯನ್ನು ತಿರುಗಿಸುವ ಮಾತನ್ನು ತೋರಿಸಿದನು. ಅವರು ಲೂಕನ 22ನೇ ಅಧ್ಯಾಯದಲ್ಲಿ ಕತ್ತಿಯನ್ನು ಕೊಂಡುಕೊಳ್ಳುವ ಮಾತನ್ನೂ, ಯೆಹೆಜ್ಕೇಲನ 33ನೇ ಅಧ್ಯಾಯದಲ್ಲಿ ಕಾವಲುಗಾರನ ಹೊಣೆಯನ್ನೂ ತೋರಿಸಿದರು. ದಂಡಿನ ಅಧಿಕಾರಿಯೊಬ್ಬನು ಸಾಮಾನ್ಯ ಸಿಪಾಯಿಯೊಬ್ಬನ ಮನಸ್ಸಾಕ್ಷಿಗೆ ಇಷ್ಟು ಮರ್ಯಾದೆ ಕೊಟ್ಟದ್ದು ಅಪೂರ್ವವೇ ಸರಿ.

ಬಳಿಕ ಹತ್ತು ದಿನಗಳ ರಜವು ಸಿಕ್ಕಿತು. ಯಾರ್ಕನು ಊರಿಗೆ ಬಂದು, ಬೆಟ್ಟವನ್ನು ಹತ್ತಿ, ಒಂದು ರಾತ್ರಿಯೆಲ್ಲಾ ಮರುದಿನವೂ ಅಲ್ಲಿಯೇ ಪ್ರಾರ್ಥನೆಯಲ್ಲಿ ಕಳೆದನು. ಇಳಿದು ಬಂದಾಗ ಅವನ ಮನಸ್ಸಿಗೆ ಸಮಾಧಾನವಾಗಿತ್ತು: ತಾನು ಹೋಗಬೇಕು, ಮತ್ತು ಗಾಯವಿಲ್ಲದೆ ತಿರುಗಿ ಬರುವೆನು ಎಂದು ತಾಯಿಗೆ ಹೇಳಿದನು. 1918ರ ಮೇ ತಿಂಗಳಲ್ಲಿ ಅವನ ದಳವು ಸಮುದ್ರವನ್ನು ದಾಟಿ ಫ್ರಾನ್ಸ್ ದೇಶಕ್ಕೆ ಬಂತು.

ಆ ವರುಷ ಅಕ್ಟೋಬರ್ 8ರ ಬೆಳಿಗ್ಗೆ ಆರ್ಗೋನ್ ಅರಣ್ಯದಲ್ಲಿ ಶಾತೆಲ್ ಶೇಹೇರಿ ಎಂಬ ಹಳ್ಳಿಯ ಬಳಿಯಲ್ಲಿ ಅವನ ದಳವು ಒಂದು ಕಣಿವೆಯನ್ನು ದಾಟಿ ಮುಂದೆ ಹೋಗಬೇಕಾಗಿತ್ತು. ಸುತ್ತಲಿನ ದಿಬ್ಬಗಳಿಂದ ಜರ್ಮನರ ಮೆಷೀನ್‌ಗನ್ನುಗಳು ಮುಂದೆ ಹೋದವರನ್ನು ಕೊಯಿದ ಪೈರಿನಂತೆ ಕೆಡವಿದವು. ಆಗ ಬರ್ನಾರ್ಡ್ ಅರ್ಲಿ ಎಂಬ ಸಾರ್ಜೆಂಟನ ಕೈಕೆಳಗೆ ಹದಿನೇಳು ಮಂದಿಯು, ಅವರಲ್ಲಿ ಕಾರ್ಪೊರಲ್ ಯಾರ್ಕನೂ, ಗುಡ್ಡವನ್ನು ಬಳಸಿ ವೈರಿಗಳ ಬೆನ್ನ ಹಿಂದಕ್ಕೆ ಹೋದರು. ಅಲ್ಲಿ ಬೆಳಗಿನ ಊಟಕ್ಕೆ ಕೂತಿದ್ದ ಜರ್ಮನರ ಗುಂಪೊಂದನ್ನು ಹಿಡಿದರು. ಅಷ್ಟರಲ್ಲಿ ಮೇಲಿನ ದಿಬ್ಬದ ಮೆಷೀನ್‌ಗನ್ನುಗಳು ಇವರ ಕಡೆಗೆ ತಿರುಗಿದವು. ಹದಿನೇಳು ಮಂದಿಯಲ್ಲಿ ಆರು ಮಂದಿ ಸತ್ತರು, ಮೂರು ಮಂದಿ ಗಾಯಪಟ್ಟರು. ಸತ್ತವರಲ್ಲಿ ಯಾರ್ಕನ ಆಪ್ತ ಸ್ನೇಹಿತನಾದ ಮರ್ರೇ ಸ್ಯಾವೇಜನೂ ಇದ್ದನು. ಅರ್ಲಿಯು ಗಾಯಪಟ್ಟು ಬಿದ್ದಿದ್ದನು. ಉಳಿದ ಎಂಟು ಮಂದಿಗೆ ಯಾರ್ಕನು ಮುಖ್ಯಸ್ಥನಾದನು.

ಅವನು ನೆಲಕ್ಕೆ ಒರಗಿ ಬೇಟೆಗಾರನಂತೆ ಒಬ್ಬೊಬ್ಬನನ್ನೇ ಗುರಿಯಿಟ್ಟು ಹೊಡೆದನು. ಶರಣಾಗಿರೆಂದು ಹೊಡೆಯುವ ನಡುನಡುವೆ ಕೂಗುತ್ತಲೂ ಇದ್ದನು, ಯಾಕಂದರೆ ಬೇಕಾದದ್ದಕ್ಕಿಂತ ಒಬ್ಬನನ್ನು ಹೆಚ್ಚಾಗಿ ಕೊಲ್ಲಲು ಅವನಿಗೆ ಮನಸ್ಸಿರಲಿಲ್ಲ. ಆರು ಮಂದಿ ಜರ್ಮನರು ಚಾಚಿದ ಕತ್ತಿಗಳುಳ್ಳ ಬಂದೂಕುಗಳನ್ನು ಹಿಡಿದು ಅವನ ಮೇಲೆ ಓಡಿಬಂದಾಗ ಅವನು ಪಿಸ್ತೂಲಿನಿಂದ ಹಿಂದಿನವನನ್ನು ಮೊದಲು, ಮುಂದಿನವನನ್ನು ಕೊನೆಗೆ ಹೊಡೆದನು. ಕಾಡುಕೋಳಿಗಳ ಸಾಲನ್ನು ಹೊಡೆಯುವ ಹಳ್ಳಿಯ ರೀತಿ ಅದು. ಮುಂದಿನದು ಬಿದ್ದರೆ ಹಿಂದಿನವು ಚೆದರುವವು. ಕಡೆಗೆ ಜರ್ಮನ್ ಅಧಿಕಾರಿಯೊಬ್ಬನು ತನ್ನ ಜನರು ಸಾಯುವದನ್ನು ನೋಡಲಾರದೆ ಶರಣಾಗುವೆವೆಂದು ಹೇಳಿದನು. ಯಾರ್ಕನೂ ಅವನ ಸಂಗಡಿಗರೂ 132 ಮಂದಿ ಸೆರೆಯವರನ್ನು ನಡಿಸಿಕೊಂಡು ತಮ್ಮ ದಂಡಿಗೆ ಬಂದರು. ಇಪ್ಪತ್ತಕ್ಕೆ ಕಡಿಮೆಯಿಲ್ಲದ ಜರ್ಮನರು ಆ ಬೆಳಿಗ್ಗೆ ಸತ್ತರು.

ಅವನೊಬ್ಬನೇ ಎಲ್ಲವನ್ನೂ ಮಾಡಿದನೆಂದು ಪತ್ರಿಕೆಗಳು ಬರೆದವು. ಅದು ಪೂರ್ಣ ಸತ್ಯವಲ್ಲ. ಸೆರೆಯವರನ್ನು ಕಾದವರೂ ಗುಂಡಿನ ಕೆಳಗೆ ನಿಂತವರೂ ಇದ್ದರು, ಮತ್ತು ಅವರಲ್ಲಿ ಕೆಲವರು ತಮ್ಮ ಪಾಲನ್ನು ಲೋಕವು ಮರೆಯಿತೆಂದು ಮುಂದೆ ನೊಂದುಕೊಂಡರು. ಅರ್ಲಿಗೆ ತಕ್ಕ ಪದಕವು ಸಿಕ್ಕಿದ್ದು 1929ರಲ್ಲಿ.

ಹೊಗಳಿ ಬರೆಯುವವರು ಬೇಗನೆ ದಾಟಿಹೋಗುವ ಸಂಗತಿಯೊಂದುಂಟು. ಮರುದಿನ ಯಾರ್ಕನು ಅಪ್ಪಣೆ ಪಡೆದು ಆ ಸ್ಥಳಕ್ಕೆ ತಿರುಗಿ ಹೋದನು. ಯಾರಾದರೂ ಜೀವದಿಂದ ಬಿದ್ದಿದ್ದಾರೋ ಎಂದು ಹುಡುಕಿದನು, ಯಾರೂ ಇರಲಿಲ್ಲ. ಆಗ ಅವನು ಸತ್ತ ತನ್ನ ಸ್ನೇಹಿತರಿಗಾಗಿಯೂ, ತಾನೇ ಹೊಡೆದ ಜರ್ಮನರಿಗಾಗಿಯೂ ಪ್ರಾರ್ಥಿಸಿದನು. ಅವರೆಲ್ಲರೂ ತನಗೆ ಸಹೋದರರು ಎಂದೆಣಿಸಿದನು. ಇದನ್ನು ಬರೆಯುವಾಗ ನನ್ನ ಕೈಯು ತಡೆಯುತ್ತದೆ. ಬೆಟ್ಟದ ಮೇಲೆ ದೊರೆತ ಸಮಾಧಾನವು ನಿಜವಾದದ್ದೇ. ಆ ಕಣಿವೆಯಲ್ಲಿ ಬಿದ್ದ ಹೆಣಗಳೂ ನಿಜವೇ. ಯಾರ್ಕನು ಒಂದನ್ನು ಹಿಡಿದು ಇನ್ನೊಂದನ್ನು ಮರೆಯಲಿಲ್ಲ.

1919ರ ಏಪ್ರಿಲಿನಲ್ಲಿ ಅವನ ದೇಶವು ಕೊಡುವ ಪದಕಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವನಿಗೆ ದೊರಕಿತು. ಫ್ರಾನ್ಸಿನ ಸರದಾರನಾದ ಫೋಶನೂ ಅವನನ್ನು ಗೌರವಿಸಿದನು. ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಜನಸಮುದ್ರವೇ ಬೀದಿಗೆ ಬಂದಿತ್ತು. ನಾಟಕಶಾಲೆಯವರು, ಚಲಚ್ಚಿತ್ರದವರು, ಜಾಹೀರಾತಿನವರು ರಾಶಿರಾಶಿಯಾಗಿ ಹಣವನ್ನು ಕೊಡುವೆವೆಂದು ಬಂದರು. ಜೀವಮಾನದಲ್ಲಿ ನೂರು ಡಾಲರನ್ನು ಒಟ್ಟಿಗೆ ಕಾಣುವದೇ ಕಷ್ಟವಾಗಿದ್ದ ಮನೆಯ ಮಗನು ಅವನು. ಆದರೂ ತಾನು ತೊಟ್ಟ ಸಿಪಾಯಿಯ ಉಡುಪು ಮಾರಾಟಕ್ಕಿಟ್ಟದ್ದಲ್ಲವೆಂದು ಹೇಳಿ ಎಲ್ಲವನ್ನೂ ತಳ್ಳಿಬಿಟ್ಟನು. ಜನರನ್ನು ಕೊಂದದ್ದನ್ನು ಕಥೆಮಾಡಿ ಕಾಸು ಸಂಪಾದಿಸುವದು ಅವನಿಗೆ ಅಸಹ್ಯವಾಗಿತ್ತು. ಅವನು ಕೇಳಿಕೊಂಡದ್ದು ಊರಿಗೆ ಹೋಗುವದೊಂದನ್ನೇ. ಆ ತಿಂಗಳ ಕೊನೆಯಲ್ಲಿ ಅವನು ಪಾಲ್‌ಮಾಲಿಗೆ ಬಂದು ತಾಯಿಯನ್ನು ಕಂಡನು. ಜೂನ್ 7ರಂದು ಗ್ರೇಸಿಯ ಕೈಹಿಡಿದನು. ಸಂಸ್ಥಾನದ ಗವರ್ನರನೇ ಬಂದು ಬೆಟ್ಟದ ಬದಿಯಲ್ಲಿ, ಬಯಲಿನಲ್ಲಿ, ಸಾವಿರಾರು ಜನರ ಮುಂದೆ ಮದುವೆಯನ್ನು ನಡಿಸಿದನು.

ನ್ಯಾಶ್‌ವಿಲ್ ಪಟ್ಟಣದ ರೋಟರಿ ಸಂಘದವರು ಚಂದಾ ಎತ್ತಿ ಅವನಿಗೆ ಸುಮಾರು 400 ಎಕರೆಯ ಒಳ್ಳೆಯ ಜಮೀನನ್ನು ಕೊಡಿಸಲು ಹೊರಟರು. ಈ ಒಂದು ದಾನವನ್ನು ಅವನು ಒಪ್ಪಿದನು. ಆದರೆ ಚಂದಾ ಸಾಕಾಗಲಿಲ್ಲ. ಉಳಿದ ಹಣವನ್ನು ಕಂತುಕಂತಾಗಿ ತೀರಿಸಬೇಕಾಯಿತು. ಪೂರ್ತಿಯಾಗಿ ಸಜ್ಜಾಗದ ಆ ಜಮೀನಿಗೆ ದನ, ಬೀಜ, ಸಲಕರಣೆಗಳನ್ನು ತರುವದಕ್ಕೆ ಅವನೇ ಸಾಲಮಾಡಿದನು. ಯುದ್ಧವು ಮುಗಿದ ಮೇಲೆ ಧಾನ್ಯದ ಬೆಲೆಯು ಬಿದ್ದುಹೋಯಿತು. ದೇಶವೆಲ್ಲಾ ಕೊಂಡಾಡುವ ಮನುಷ್ಯನು ಸಾಲಗಾರನಿಗೆ ಮುಖ ತೋರಿಸಲಾರದೆ ನಿಂತನು. ಪತ್ರಿಕೆಗಳಲ್ಲಿ ಈ ಸುದ್ದಿ ಹಬ್ಬಿದ ಮೇಲೆ ಪುನಃ ಹಣವು ಕೂಡಿಬಂದು ಜಮೀನು ಅವನ ಕೈಗೆ ಬಂತು. ಕೊಡುತ್ತೇವೆಂದು ಮೆರವಣಿಗೆಯಲ್ಲಿ ಹೇಳಿ ಅರ್ಧಕ್ಕೆ ನಿಲ್ಲಿಸುವ ದಾನವು ಎಷ್ಟು ನೋವನ್ನು ತರುತ್ತದೆಂಬದು ಅವನಿಗೆ ಚೆನ್ನಾಗಿ ತಿಳಿಯಿತು.

ಇಷ್ಟರಲ್ಲಿಯೇ ಅವನ ಮನಸ್ಸಿನಲ್ಲಿ ಬೇರೊಂದು ಕೆಲಸವು ಮೊಳೆತಿತ್ತು. ಪರದೇಶವನ್ನು ಕಂಡುಬಂದವನಿಗೆ ತನ್ನ ಅಜ್ಞಾನವು ಕಾಣಿಸಿತು. ತನ್ನ ಒಂಬತ್ತು ತಿಂಗಳ ಓದು ಬೆಟ್ಟದ ಮಕ್ಕಳೆಲ್ಲರ ಪಾಲಿಗೂ ಬಂದೀತೆಂಬ ದುಃಖವು ಅವನನ್ನು ಹಿಡಿಯಿತು. ಆದದರಿಂದ ಹಿಂದೆ ಹಣಕ್ಕಾಗಿ ಮಾತಾಡಲು ಒಪ್ಪದವನು ಈಗ ಊರಿಂದೂರಿಗೆ ಹೋಗಿ ಮಾತಾಡಿದನು. ಯುದ್ಧದ ಕಥೆಯನ್ನು ಕೇಳಲು ಕೂಡಿದ ಜನರಿಗೆ ಆ ಕಥೆಯನ್ನು ಸ್ವಲ್ಪದರಲ್ಲಿ ಮುಗಿಸಿ, ಬೆಟ್ಟದ ಮಕ್ಕಳಿಗೆ ಶಾಲೆ ಬೇಕು, ದಾರಿ ಬೇಕು ಎಂಬುದನ್ನೇ ಹೇಳುವನು. ಕೆಲವರು ಬೇಸರಗೊಂಡು ಹೋದದ್ದೂ ಉಂಟು. 1926ರಲ್ಲಿ ಜಿಲ್ಲೆಯ ಮುಖ್ಯ ಊರಾದ ಜೇಮ್ಸ್‌ಟೌನಿನಲ್ಲಿ ಅವನ ಹೆಸರಿನ ವಿದ್ಯಾಲಯವು ಸ್ಥಾಪಿತವಾಯಿತು. ಕಟ್ಟಡವೇಳಲು ಇನ್ನೂ ಕೆಲವು ವರುಷಗಳು ಹಿಡಿದವು, ಯಾಕಂದರೆ ಶಾಲೆಯು ಎಲ್ಲಿರಬೇಕು, ಯಾರ ಕೈಯಲ್ಲಿರಬೇಕು ಎಂದು ಊರ ದೊಡ್ಡವರೊಂದಿಗೆ ತಕರಾರು ಬೆಳೆಯಿತು. ಹೊರಗಿನವರಿಂದ ಬಂದ ಹಣಕ್ಕಿಂತ ಊರಿನವರಿಂದ ಬಂದ ತಡೆಯೇ ದೊಡ್ಡದಾಗಿತ್ತು. 1930ರ ನಂತರದ ಬರಗಾಲದಂಥ ವರುಷಗಳಲ್ಲಿ ಉಪಾಧ್ಯಾಯರ ಸಂಬಳಕ್ಕೆ ಹಣವಿಲ್ಲದಾಗ ಅವನು ತನ್ನ ಜಮೀನನ್ನು ಅಡವಿಟ್ಟನು. ದೂರದ ಹಳ್ಳಿಗಳ ಮಕ್ಕಳನ್ನು ಕರತರುವ ಬಸ್ಸುಗಳಿಗೂ ತನ್ನ ಕೈಯಿಂದ ಕೊಟ್ಟನು. ಶಾಲೆಯನ್ನು ಹುಟ್ಟಿಸಿದವನು ಅದನ್ನು ನಡಿಸುವ ಲೆಕ್ಕಪತ್ರದಲ್ಲಿ ಅಷ್ಟು ನಿಪುಣನಾಗಿರಲಿಲ್ಲವೆಂಬುದನ್ನೂ ಹೇಳಬೇಕು. 1936ರಲ್ಲಿ ಅವನು ಅಧ್ಯಕ್ಷಪದವಿಯನ್ನು ಬಿಡಬೇಕಾಯಿತು. 1937ರಲ್ಲಿ ಸಂಸ್ಥಾನದ ಸರ್ಕಾರವು ಶಾಲೆಯನ್ನು ಪೂರ್ಣವಾಗಿ ವಹಿಸಿಕೊಂಡಿತು. ಅವನಿಗೆ ನೋವಾಯಿತು, ಆದರೆ ಶಾಲೆಯು ಉಳಿಯಿತು. ಅದು ಈಗಲೂ ಸರ್ಕಾರದ ಪ್ರೌಢಶಾಲೆಯಾಗಿ ನಡೆಯುತ್ತಲಿದೆ.

ಮನೆಯಲ್ಲಿ ಅವನ ದಿನವು ಬೇರೆ ರೈತರ ದಿನದ ಹಾಗೆಯೇ ಇತ್ತು. ಹೊಲ, ದನಕರು, ಹೊಳೆಯ ದಡದಲ್ಲಿ ನೀರಿನ ಬಲದಿಂದ ತಿರುಗುವ ಹಿಟ್ಟಿನ ಗಿರಣಿ. ಗ್ರೇಸಿಯು ಬಹು ಮಕ್ಕಳನ್ನು ಹೆತ್ತಳು; ಅವರಲ್ಲಿ ಹಲವರಿಗೆ ತನ್ನ ದೇಶದ ಚರಿತ್ರೆಯ ದೊಡ್ಡವರ ಹೆಸರುಗಳನ್ನೇ ಅವನು ಇಟ್ಟನು. ಅತಿಥಿಗಳು ಎಷ್ಟು ಮಂದಿ ಬಂದರೂ ಊಟಕ್ಕಿಲ್ಲವೆಂದು ಹೇಳುವ ಮನೆಯಲ್ಲ. ಆ ಭಾರವೆಲ್ಲಾ ಗ್ರೇಸಿಯ ಒಲೆಯ ಮೇಲೆ ಬಿತ್ತು. ಆಕೆಗೆ ಯಾರೂ ಪದಕವನ್ನು ಕೊಡಲಿಲ್ಲ.

ಯುದ್ಧದ ವಿಷಯದಲ್ಲಿ ಅವನ ಮನಸ್ಸು ಸುಮ್ಮನಿರಲಿಲ್ಲ. 1930ರ ದಶಕದ ನಡುವಿನಲ್ಲಿ, ಆ ಮಹಾಯುದ್ಧಕ್ಕೆ ತನ್ನ ದೇಶವು ಸೇರಿದ್ದರಿಂದ ಏನು ಫಲವಾಯಿತೆಂದು ಅವನೇ ಬಹಿರಂಗವಾಗಿ ಸಂದೇಹಪಟ್ಟನು. ಕೆಲವೇ ವರುಷಗಳಲ್ಲಿ ಹಿಟ್ಲರನು ದೇಶದ ಮೇಲೆ ದೇಶವನ್ನು ನುಂಗುವದನ್ನು ಕಂಡು, ಇವನನ್ನು ತಡೆಯಲೇಬೇಕೆಂದು ತಿರುಗಿ ಹೇಳಿದನು. ಮಾತು ಬದಲಿಸಿದನೆಂದು ಕೆಲವರು ನಕ್ಕರು. ಬೆಟ್ಟದ ಮೇಲಿನ ಆ ರಾತ್ರಿಯಲ್ಲಿ ಕೇಳಿದ ಪ್ರಶ್ನೆಯು ಅವನನ್ನು ಆಯುಷ್ಯವೆಲ್ಲಾ ಹಿಂಬಾಲಿಸಿತೆಂದು ನನಗೆ ತೋರುತ್ತದೆ.

ಇಪ್ಪತ್ತು ವರುಷ ತಳ್ಳಿಬಿಟ್ಟಿದ್ದ ಚಲಚ್ಚಿತ್ರದವರ ಬಿನ್ನಹವನ್ನು ಅವನು 1940ರಲ್ಲಿ ಒಪ್ಪಿಕೊಂಡನು. ಅವನ ಸಭೆಯವರಿಗೆ ಚಲಚ್ಚಿತ್ರವೆಂದರೆ ಆಗದು, ಅವನಿಗೂ ಸಂಕೋಚವಿತ್ತು. ಒಪ್ಪಿದ್ದು ಪಾಲ್‌ಮಾಲಿನಲ್ಲಿ ಒಂದು ಸತ್ಯವೇದ ಶಾಲೆಯನ್ನು ಕಟ್ಟುವದಕ್ಕಾಗಿ. ತನ್ನ ಹೆಂಡತಿಯ ವೇಷವನ್ನು ಹಾಕುವವಳು ಹೊಗೆಬತ್ತಿ ಸೇದುವವಳಾಗಿರಬಾರದೆಂದು ಒಡಂಬಡಿಕೆ ಕೇಳಿದನಂತೆ. 1941ರಲ್ಲಿ ತೋರಿಸಲ್ಪಟ್ಟ ಆ ಚಿತ್ರವನ್ನು ಲಕ್ಷಾಂತರ ಜನರು ನೋಡಿದರು. ಯಾರ್ಕನ ವೇಷ ಹಾಕಿದ ಗ್ಯಾರಿ ಕೂಪರನಿಗೆ ಅಮೇರಿಕದ ಚಿತ್ರರಂಗದ ಶ್ರೇಷ್ಠ ಬಹುಮಾನವು ದೊರಕಿತು. ಸತ್ಯವೇದ ಶಾಲೆಯ ಕಟ್ಟಡವೂ ಎದ್ದಿತು, ಆದರೆ ಬಹುಕಾಲ ನಡೆಯಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ತಿರುಗಿ ಸಿಪಾಯಿಯಾಗಿ ಹೋಗಲು ಅವನು ಕೇಳಿಕೊಂಡನು. ವಯಸ್ಸು ಐವತ್ತನಾಲ್ಕು, ದೇಹವೂ ಸ್ಥೂಲ, ವೈದ್ಯರು ಒಪ್ಪಲಿಲ್ಲ. ಜಿಲ್ಲೆಯ ಯೌವನಸ್ಥರನ್ನು ದಂಡಿಗೆ ಆರಿಸುವ ಮಂಡಲಿಗೆ ಅವನೇ ಮುಖ್ಯಸ್ಥನಾದನು. ಒಂದು ಕಾಲದಲ್ಲಿ ತನ್ನ ಚೀಟಿಯಲ್ಲಿ ಯುದ್ಧ ಬೇಡವೆಂದು ಸೂಚಿಸಿದವನು ಆ ಕುರ್ಚಿಯಲ್ಲಿ ಕೂತು ಬೇರೆಯವರ ಚೀಟಿಗಳನ್ನು ಓದಿದನು.

ಆ ಚಿತ್ರದ ಹಣವೇ ಅವನ ಮುಪ್ಪಿಗೆ ಉರುಲಾಯಿತು. ಬಂದದ್ದರಲ್ಲಿ ಬಹುಪಾಲನ್ನು ಧರ್ಮಕ್ಕೆ ಕೊಟ್ಟಿದ್ದರಿಂದ ತನಗೆ ತೆರಿಗೆಯಿಲ್ಲವೆಂದು ಅವನು ಎಣಿಸಿದ್ದನು. ಸರ್ಕಾರದ ತೆರಿಗೆಯವರ ಲೆಕ್ಕವು ಬೇರೆಯಾಗಿತ್ತು. 1951ರಲ್ಲಿ ಬಡ್ಡಿಸಹಿತ 85,000 ಡಾಲರಿಗೆ ಮೇಲ್ಪಟ್ಟು ಕೊಡಬೇಕೆಂದು ದಾವೆ ಬಿತ್ತು. ಕೈಯಲ್ಲಿ ಹಣವಿರಲಿಲ್ಲ; ಬಂದದ್ದೆಲ್ಲಾ ಶಾಲೆಗೂ ನೆರೆಯವರ ಕಷ್ಟಕ್ಕೂ ಹೋಗಿತ್ತು. 1954ರಲ್ಲಿ ಮಿದುಳಿನೊಳಗೆ ರಕ್ತವೊಡೆದು ಅವನು ನೆಲಹಿಡಿದನು. ಅಂದಿನಿಂದ ಹತ್ತು ವರುಷ ಗಾಲಿಕುರ್ಚಿ, ಹಾಸಿಗೆ, ಆಸ್ಪತ್ರೆ. ಹಿಂದೆ ಮನೆಗೆ ಬಂದವರನ್ನೆಲ್ಲಾ ಉಪಚರಿಸಿದ ಗ್ರೇಸಿಯು ಈಗ ಅವನೊಬ್ಬನನ್ನು ಉಪಚರಿಸಿದಳು. ಬಡ್ಡಿಯು ಬೆಳೆಯುತ್ತಲೇ ಹೋಗಿ ಸಾಲವು ಲಕ್ಷ ಡಾಲರನ್ನೂ ಮೀರಿತು. ಕಡೆಗೆ 1961ರಲ್ಲಿ ಸರ್ಕಾರವು 25,000 ಡಾಲರಿಗೆ ಒಪ್ಪಂದ ಮಾಡಿಕೊಂಡಿತು. ರಾಷ್ಟ್ರಸಭೆಯ ಸಭಾಪತಿಯಾದ ಸ್ಯಾಮ್ ರೇಬರ್ನನು ಜನರನ್ನು ಬೇಡಿಕೊಂಡನು. ದೇಶದ ಮೂಲೆಮೂಲೆಗಳಿಂದ ಚಿಕ್ಕ ಚಿಕ್ಕ ಕಾಣಿಕೆಗಳು ಬಂದು ಆ ಸಾಲವು ತೀರಿತು. ಯಾರ್ಕನು ಋಣವಿಲ್ಲದವನಾಗಿ ಮಲಗಿದ್ದದ್ದು ಕೊನೆಯ ಮೂರು ವರುಷ.

1964ನೇ ಇಸವಿ ಸಪ್ಟಂಬರ 2ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ಹಳೆಯ ಸಿಪಾಯಿಗಳ ಆಸ್ಪತ್ರೆಯಲ್ಲಿ, ಎಪ್ಪತ್ತಾರು ವಯಸ್ಸಿನವನಾಗಿ, ಅವನು ಕರ್ತನಲ್ಲಿ ನಿದ್ರೆ ಹೋದನು. ದೇಶದ ಅಧ್ಯಕ್ಷನು ತನ್ನ ಪ್ರತಿನಿಧಿಯಾಗಿ ಸೇನಾಪತಿ ರಿಜ್ವೇಯನ್ನು ಕಳುಹಿಸಿದನು. ಸಾವಿರಾರು ಜನರು ಆ ಕಿರಿದಾದ ಕಣಿವೆಯಲ್ಲಿ ತುಂಬಿಕೊಂಡರು. ಅವರಲ್ಲಿ ಹಲವರು ಬಂದದ್ದು ಅವನೇ ಕೇಳಿ ಮಾಡಿಸಿದ ದಾರಿಯಲ್ಲಿ. ತಂದೆತಾಯಿಗಳು ಮಲಗಿರುವ ವುಲ್ಫ್ ಹೊಳೆಯ ಸ್ಮಶಾನದಲ್ಲಿ ಅವನನ್ನು ಹೂಣಿಟ್ಟರು. ಇಪ್ಪತ್ತು ವರುಷಗಳ ಮೇಲೆ, 1984ರಲ್ಲಿ, ಗ್ರೇಸಿಯನ್ನೂ ಅವನ ಮಗ್ಗುಲಲ್ಲಿ ಇಟ್ಟರು.